ಎರಡನೆಯ ಗುಡ್ಡ (ಏಳನೆಯ ಕಂತು)

"ಇದರಾಗ ಏನೂ ಇಲ್ರಿ ಮೇಡಂ."

ಪ್ರಭುರಾಜ ಕಂಪ್ಯೂಟರಿನ ಪರದೆಯನ್ನು ವಿರೂಪಾಕ್ಷಮ್ಮನ ಕಡೆ ತಿರುಗಿಸಿದ. ಅದರ ಮೇಲೆ ಒಂದೇ ಒಂದು ನೀಲಿ ಕಂಬ ನಿಂತಿತ್ತು. ಅಗಲಕ್ಕೆ ಅಗಲ, ಎತ್ತರಕ್ಕೆ ಎತ್ತರ, ಊರಗೌಡ ಕಟ್ಟೆಯ ಮೇಲೆ ಕೂತ ಹಾಗೆ.

ಎಎಸ್‌ಐ ವಿರೂಪಾಕ್ಷಮ್ಮ ಬೂಟಿನಿಂದ ಹಿಮ್ಮಡಿಯನ್ನು ಅರ್ಧ ಹೊರಗೆಳೆದು ಕೂತಿದ್ದಳು. ಇವತ್ತೂ ಬೆಳಗಿನಿಂದ ಹಿಮ್ಮಡಿಯೊಳಗೆ ಯಾರೋ ಮೊಳೆ ಹೊಡೆಯುತ್ತಿದ್ದ ಹಾಗಿತ್ತು. ಕೊಪ್ಪಳದ ಜಿಲ್ಲಾ ಕಚೇರಿಯ ಅಂಕಿಅಂಶ ವಿಭಾಗದಲ್ಲಿ ಫ್ಯಾನು ತಿರುಗುತ್ತಿತ್ತು. ಗಾಳಿ ಮಾತ್ರ ಬೇರೆ ಯಾರದೋ ಮೇಜಿಗೆ ಹೋಗುತ್ತಿತ್ತು.

ಆಕೆಗೆ ಸಿಟ್ಟು ಬರಬೇಕಿತ್ತು. ಸಿಟ್ಟಾಗುವಷ್ಟು ಶಕ್ತಿ ಉಳಿದಿರಲಿಲ್ಲ.

ಮಂಗಳೂರಿನ ಮಾರೆವ್ವ ತನ್ನ ಕೂಸು ಸತ್ತಿಲ್ಲ, ಅದಲು ಬದಲಾಗಿದೆ ಎಂದು ದೂರು ಕೊಟ್ಟು ಎರಡು ತಿಂಗಳಾಗಿತ್ತು. ಕಡಲಿನ ಮಂಗಳೂರಲ್ಲ, ಕುಕನೂರಿನ ಆಚೆ, ಎರೆಹೊಲದ ನಡುವೆ ಇರುವ ಮಂಗಳೂರು. ಅವಳು ಹೆತ್ತದ್ದು ಗಂಗಾವತಿಯ 'ತೊಟ್ಟಿಲು' ನರ್ಸಿಂಗ್ ಹೋಮಿನಲ್ಲಿ. ಆ ದಿನ ಅಲ್ಲಿ ಎರಡೇ ಹೆರಿಗೆ ಎಂದು ಆಸ್ಪತ್ರೆಯವರು ಬರೆದುಕೊಟ್ಟಿದ್ದರು. ಒಂದು ಮಾರೆವ್ವನದು, ಇನ್ನೊಂದು ಕುಷ್ಟಗಿಯ ಪಾತ್ರೆ ಅಂಗಡಿ ರುದ್ರೇಶನ ಹೆಂಡತಿ ಐಶ್ವರ್ಯಳದು. ಎರಡೂ ಗಂಡು. ಬದುಕಿದ ಕೂಸು ಐಶ್ವರ್ಯಳ ಮಡಿಲಿಗೆ ಹೋಯಿತು. ಸತ್ತ ಕೂಸನ್ನು ಮಾರೆವ್ವನ ಗಂಡ ಯಂಕೇಶ ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದ.

ಡಿಎನ್‌ಎ ಪರೀಕ್ಷೆಗೆ ಕೋರ್ಟಿನ ಅಪ್ಪಣೆ ಬೇಕು. ಅಪ್ಪಣೆಗೆ ಆಧಾರ ಬೇಕು. ಮಾರೆವ್ವನ ಹತ್ತಿರ ಇದ್ದದ್ದು ಒಂದೇ ಪ್ರಶ್ನೆ. ಸತ್ತ ಕೂಸನ್ನು ಆಸ್ಪತ್ರೆಯ ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಿರಿ, ನಮ್ಮವ್ವ ಹಳೆ ಸೀರೆಗಳಿಂದ ಹೊಲಿದ ಕೌದಿ ಎಲ್ಲಿ? ಸಾಹೇಬರು ಇದನ್ನು ಆಧಾರವೆಂದು ಒಪ್ಪಿರಲಿಲ್ಲ. ಸೋಮವಾರದೊಳಗೆ 'ಬಿ' ರಿಪೋರ್ಟ್ ಹಾಕಿ ಕೇಸು ಮುಗಿಸಿ ಎಂದಿದ್ದರು. ಇವತ್ತು ಶುಕ್ರವಾರ.

"ಈ ಕಂಬ ನೀ ಮಾಡಿದ್ದೇನು?" ಎಂದು ವಿರೂಪಾಕ್ಷಮ್ಮ ಕೇಳಿದಳು.

ಅಲ್ಲ, ದವಾಖಾನೆಯವರೇ ಮಾಡಿ ಕಳಿಸಿದ್ದು ಎಂದ ಪ್ರಭುರಾಜ. ಅಲ್ಲಿ ಪ್ರತಿ ಕೂಸನ್ನೂ ಎರಡು ಸಲ ತೂಗುತ್ತಾರೆ. ಹುಟ್ಟಿದ ಕೂಡಲೇ ನರ್ಸು ಒಮ್ಮೆ, ಮನೆಗೆ ಕಳಿಸುವ ದಿನ ಮಕ್ಕಳ ಡಾಕ್ಟರು ಮೈಮೇಲಿನ ಬಟ್ಟೆ ಬಿಚ್ಚಿಸಿ ಇನ್ನೊಮ್ಮೆ. ಮೊದಲ ದಿನಗಳಲ್ಲಿ ಎಲ್ಲ ಕೂಸುಗಳೂ ತೂಕದಲ್ಲಿ ಸ್ವಲ್ಪ ಇಳಿಯುತ್ತವೆ. ವರ್ಷದ ಎಲ್ಲ ಕೂಸುಗಳ ಇಳಿತವನ್ನೂ ತೆಗೆದು ಗ್ರಾಫ್ ಹಾಕಿದ್ದಾರೆ. ಎಲ್ಲ ಕೂಸುಗಳೂ ಒಂದೇ ಕಂಬದೊಳಗೆ, ಎಲ್ಲ ಮಾಮೂಲು.

"ಈ ಕಂಬದ ಅಗಲ ಎಷ್ಟು?"

"ಒಂದು ಕೇಜಿ ರಿ."

ವಿರೂಪಾಕ್ಷಮ್ಮ ಪರದೆಯನ್ನೇ ನೋಡುತ್ತ ಕೂತಳು. ಅವಳ ಅವ್ವ ಹಿಟ್ಟು ಸೋಸುವಾಗ ಹೇಳುತ್ತಿದ್ದಳು, ಸಾಣಿಗೆಯ ಕಣ್ಣು ದೊಡ್ಡದಿದ್ದರೆ ತೌಡೂ ಹಿಟ್ಟೇ ಎಂದು.

"ಇಡೀ ಕೂಸೇ ಎರಡೂವರಿ, ಮೂರು ಕೇಜಿ ಇರ್ತೈತಿ. ಅದರ ಇಳಿತ ಹಿಡ್ಯಾಕ ಒಂದು ಕೇಜಿ ಡಬ್ಬಿ ಇಟ್ಟಾರ," ಎಂದಳು. "ಯಾವ ಕೂಸು ಹೊರಗ ಬೀಳ್ತೈತೋ ತಮ್ಮಾ?"

ಪ್ರಭುರಾಜ ತಲೆ ಕೆರೆದುಕೊಂಡ. ಅವನೂ ಬೆಳಗಿನಿಂದ ಬೆಳೆ ಸಮೀಕ್ಷೆಯ ಅಂಕಿ ತುಂಬಿ ಸೋತಿದ್ದ. ಆದರೂ ಆಸ್ಪತ್ರೆಯವರ ಅಸಲು ಅಂಕಿಗಳನ್ನು ಸಾಫ್ಟ್‌ವೇರಿಗೆ ಹಾಕಿ, 'ಬಿನ್ ಅಗಲ' ಎಂದಿದ್ದ ಚೌಕದಲ್ಲಿ ಐವತ್ತು ಗ್ರಾಂ ಎಂದು ಒತ್ತಿದ.

ಕಂಬ ಒಡೆಯಿತು. ಸಣ್ಣ ಸಣ್ಣ ಕಂಬಗಳು ಎದ್ದವು. ಆದರೆ ಹಲ್ಲು ಬಿದ್ದ ಬಾಯಿಯ ಹಾಗೆ ಅಲ್ಲಲ್ಲಿ ಹೆಚ್ಚು ಕಡಿಮೆ ಕಾಣಿಸಿದವು. ತಕ್ಕಡಿ ತೋರಿಸುವುದೇ ಐವತ್ತರ ಲೆಕ್ಕದಲ್ಲಿ, ಹಾಗಾಗಿ ಪ್ರತಿ ಅಂಕಿಯೂ ಡಬ್ಬಿಯ ಅಂಚಿನ ಮೇಲೇ ಕೂತಿದೆ, ಎಡಕ್ಕೆ ಬೀಳಲೋ ಬಲಕ್ಕೆ ಬೀಳಲೋ ಎನ್ನುತ್ತಿದೆ ಎಂದು ಪ್ರಭುರಾಜ ಗೊಣಗಿದ. ಮೊದಲ ಗೆರೆಯನ್ನು ತುಸು ಈಚೆ ಸರಿಸಿದ. ಈಗ ಪ್ರತಿ ಅಂಕಿಯೂ ತನ್ನ ಡಬ್ಬಿಯ ನಡುವೆ ಬಿತ್ತು.

ಪರದೆಯ ಮೇಲೆ ಎರಡು ಗುಡ್ಡಗಳು ನಿಂತಿದ್ದವು.

ಎಡಕ್ಕೆ ಒಂದು, ಇನ್ನೂರು ಗ್ರಾಮಿನ ಸುತ್ತ. ನಡುವೆ ಬಯಲು. ಬಲಕ್ಕೆ ಇನ್ನೊಂದು, ಆರುನೂರರ ಸುತ್ತ.

ಪ್ರಭುರಾಜ ಬಲಗುಡ್ಡದ ಕೂಸುಗಳ ಸಾಲುಗಳನ್ನು ತೆರೆದು ನೋಡಿದ.

"ಆರುನೂರು ಗ್ರಾಂ ಇಳಿದ್ರ ಕೂಸು ಉಳಿಯೂದು ಕಷ್ಟ ಐತ್ರಿ," ಎಂದ ಪ್ರಭುರಾಜ ಮೆಲ್ಲಗೆ. "ಈ ಕೂಸುಗೋಳು ಎಲ್ಲಾ ಛಲೋ ಅದಾವ ಅಂತ ಬರದಾರ."

ಯಾವ ಕೂಸನ್ನು ಯಾವ ನರ್ಸು ತೂಗಿದಳೆಂಬುದೂ ಅಂಕಿಗಳ ಪಕ್ಕದಲ್ಲಿತ್ತು. ವಿರೂಪಾಕ್ಷಮ್ಮ ಗುಡ್ಡಗಳನ್ನು ನರ್ಸುಗಳ ಪ್ರಕಾರ ಬೇರೆ ಮಾಡಲು ಹೇಳಿದಳು. ಶಹನಾಜಬೇಗಂ ತೂಗಿದ ಕೂಸುಗಳೆಲ್ಲ ಎಡಗುಡ್ಡದಲ್ಲಿ. ಬಲಗುಡ್ಡದ ಕೂಸುಗಳೆಲ್ಲ ಹೇಮಾ ಎಂಬುವಳ ಡ್ಯೂಟಿಯವು. ಐಶ್ವರ್ಯಳ ಮಡಿಲಿನ ಕೂಸು ಬಲಗುಡ್ಡದಲ್ಲಿತ್ತು. ಹುಟ್ಟಿದಾಗ ಮೂರು ಕೇಜಿ ನಾನೂರು, ಹೊರಡುವಾಗ ಎರಡು ಕೇಜಿ ಎಂಟುನೂರು.

ಮಾರೆವ್ವನದೆಂದು ಕೊಟ್ಟ ಕೂಸಿಗೆ ಎರಡನೆಯ ತೂಕವೇ ಇರಲಿಲ್ಲ. ಅದು ಯಾವ ಡಬ್ಬಿಯೊಳಗೂ ಬಿದ್ದಿರಲಿಲ್ಲ.

ಎರಡು ಗುಡ್ಡಗಳ ನಡುವಿನ ಈ ನಾನೂರು ಗ್ರಾಂ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು? ವಿರೂಪಾಕ್ಷಮ್ಮ ಹಿಮ್ಮಡಿ ತಿಕ್ಕಿಕೊಳ್ಳುತ್ತ ಯೋಚಿಸಿದಳು. ಮಾರೆವ್ವನ ಪ್ರಶ್ನೆ ತಾನಾಗಿಯೇ ನೆನಪಿಗೆ ಬಂತು.

"ಪ್ರಭು, ನಿನ್ನ ಮಗಳದು ಕೂಸಿನ ಕೌದಿ ಐತೇನು ಮನ್ಯಾಗ?"

ಅವನು ಮನೆಗೆ ಫೋನ್ ಮಾಡಿದ. ಅವನ ಹೆಂಡತಿ, ನಿಮಗೆ ಆಫೀಸಿನಲ್ಲಿ ಕೆಲಸ ಇಲ್ಲವೇ ಎಂದು ಕೇಳಿ, ಕಡೆಗೆ ಬಾಗಿಲಿಗೆ ಬಂದಿದ್ದ ಕಾಯಿಪಲ್ಯದವನ ತಕ್ಕಡಿಯಲ್ಲಿ ಮಗಳು ಶಾಂಭವಿಯ ಕೌದಿ ತೂಗಿಸಿದಳು. ನಾನೂರಕ್ಕೆ ತುಸು ಹೆಚ್ಚು. ಕಾಯಿಪಲ್ಯದವನು, ಇದನ್ನು ಹೇಗೆ ಕಿಲೋ ಕೊಡುತ್ತೀರಿ ಎಂದು ಕೇಳಿದನಂತೆ.

ಆ ಕೌದಿಯನ್ನು ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ತಂದುಕೊಡುವಂತೆ ಹೇಳಿ ವಿರೂಪಾಕ್ಷಮ್ಮ ಬೂಟು ಏರಿಸಿಕೊಂಡಳು. ಅವಳ ಮುಖ ನೋಡಿ ಪ್ರಭುರಾಜನಿಗೆ ಏನನ್ನಿಸಿತೋ.

"ಮೇಡಂ, ಒಂದ್ ಮಾತು. ಗುಡ್ಡ ಗುಂಪು ಹೇಳ್ತೈತ್ರಿ, ಹೆಸರು ಹೇಳಂಗಿಲ್ಲ. ಆ ಕೂಸನ್ನ ಕೌದ್ಯಾಗ ತೂಗ್ಯಾರ ಅಂತಷ್ಟ ನಾ ಹೇಳಬಲ್ಲೆ."

"ಅಷ್ಟು ಸಾಕು," ಎಂದಳು ಆಕೆ.

*

ಗಂಗಾವತಿಯಲ್ಲಿ ಬಸ್ಸಿಳಿದಾಗ ಬಿಸಿಲು ಏರಿತ್ತು. 'ತೊಟ್ಟಿಲು' ನರ್ಸಿಂಗ್ ಹೋಮಿನ ಡಾಕ್ಟರು ಆಪರೇಷನ್ ಮಾಡುತ್ತಿದ್ದಾರೆ, ಕೂತುಕೊಳ್ಳಿ ಎಂದು ಬಾಗಿಲಲ್ಲಿದ್ದವರು ಹೇಳಿದರು. ವಿರೂಪಾಕ್ಷಮ್ಮ ಕೂಡಲಿಲ್ಲ. ಹಿಂದಿನ ಓಣಿಯಂಥ ಜಾಗದಲ್ಲಿ ಹೇಮಾ ಒಣಗಿದ ಹಾಸಿಗೆ ಬಟ್ಟೆ ಮಡಚುತ್ತಿದ್ದಳು. ಇಪ್ಪತ್ತೈದರ ಆಸುಪಾಸಿನ ಹುಡುಗಿ. ರಾತ್ರಿಯ ಡ್ಯೂಟಿ ಮುಗಿಸಿ ಮತ್ತೆ ಹಗಲಿನದೂ ಮಾಡುತ್ತಿದ್ದಳು. ಕಣ್ಣ ಕೆಳಗೆ ಕಪ್ಪು ಇಳಿದಿತ್ತು.

ಈ ಹಿಂದೆ ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ ಅವಳು ಬರೆಸಿದ್ದು ಒಂದೇ ಮಾತು. ಕಲಿಸಿದ ಹಾಗೆ ಕೂಸನ್ನು ಬರಿಮೈಯಲ್ಲಿ ತೂಗುತ್ತೇವೆ.

ಈಗಲೂ ಅದನ್ನೇ ಹೇಳಿದಳು. ವಿರೂಪಾಕ್ಷಮ್ಮ ವಾದ ಮಾಡಲಿಲ್ಲ. ಹೆರಿಗೆ ಕೋಣೆಯ ಪಕ್ಕದಲ್ಲಿದ್ದ ತಕ್ಕಡಿಯ ಹತ್ತಿರ ಅವಳನ್ನು ಕರೆದುಕೊಂಡು ಹೋಗಿ, ಚೀಲದಿಂದ ಶಾಂಭವಿಯ ಕೌದಿ ತೆಗೆದಳು.

"ಇದನ್ನ ತೂಗು ತಂಗಿ."

"ಯಾರದ್ರಿ ಇದು?"

"ಯಾರದರ ಆಗ್ಲಿ. ತಕ್ಕಡಿಗೆ ಹೆಸರು ಬೇಕೇನು?"

ಹೇಮಾ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ತಕ್ಕಡಿಯ ತಟ್ಟೆಯ ಮೇಲಿಟ್ಟಳು. ಮಡಚುವಾಗ ಅವಳ ಕೈ ಒಮ್ಮೆಯೂ ತಡೆಯಲಿಲ್ಲ. ಎಷ್ಟೋ ಸಲ ಮಾಡಿದ ಕೈ. ಅಂಕಿ ನಾನೂರಕ್ಕೆ ಬಂದು ನಿಂತಿತು. ವಿರೂಪಾಕ್ಷಮ್ಮ ಪ್ರಭುರಾಜ ಕೊಟ್ಟಿದ್ದ ಗ್ರಾಫಿನ ಹಾಳೆಯನ್ನು ಪಕ್ಕದಲ್ಲಿ ಹಾಸಿದಳು. ಎಡಗುಡ್ಡದ ಮೇಲೆ ಬೆರಳಿಟ್ಟು, ಇದು ಶಹನಾಜಬೇಗಂ ಎಂದಳು. ಬಲಗುಡ್ಡದ ಮೇಲೆ ಬೆರಳಿಟ್ಟು ಹೇಮಾಳ ಮುಖ ನೋಡಿದಳು.

ಹೇಮಾ ಹಾಳೆ ನೋಡಿದಳು. ಆಮೇಲೆ ತಕ್ಕಡಿ ನೋಡಿದಳು. ಗೋಡೆಗೆ ಒರಗಿ, ಹಾಗೇ ಜಾರಿ ಸ್ಟೂಲಿನ ಮೇಲೆ ಕೂತಳು.

"ಬರೇ ಮೈ ಕಬ್ಬಿಣದ ಮ್ಯಾಲೆ ಇಡಬಾರದು ಅಂತಾರ್ರಿ ಮುದುಕ್ಯಾರು. ಬಂದ ಹೊಸದಾಗ ಒಬ್ಬಾಕಿ ನನ್ನ ಕೈ ಹಿಡದು ಬಿಡಲೇ ಇಲ್ಲ. ಶಹನಾಜಕ್ಕ ಆದ್ರ ಬೈದು ಹೊರಗ ಹಾಕ್ತಾಳ. ನನಗ ಬೈಯಾಕ ಬರಂಗಿಲ್ಲ."

"ಕೌದಿ ತೂಕ ಕಳೀಬೇಕಿತ್ತಲ್ಲ?"

"ಮೊದಮೊದಲು ಕಳೀತಿದ್ದೆ. ಆಮ್ಯಾಲ ಬಿಟ್ಟೆ. ತೂಕ ಜಾಸ್ತಿ ಬಂದ್ರ ಎಲ್ಲಾರಿಗೂ ಖುಷಿ ರಿ. ಅಜ್ಜಿಗೂ ಖುಷಿ, ಡಾಕ್ಟರಿಗೂ ಖುಷಿ. ಇದರಾಗ ಯಾರಿಗೇನು ಲುಕ್ಸಾನ ಅಂದ್ಕೊಂಡೆ."

"ಮಾರೆವ್ವಗ ಆಗೈತಿ. ಆಕಿ ಕೌದಿ ನಿನ್ನ ಅಂಕ್ಯಾಗ ಮುಚ್ಚಿ ಹೋಗೈತಿ," ಎಂದಳು ವಿರೂಪಾಕ್ಷಮ್ಮ.

ಹುಡುಗಿ ತಲೆ ತಗ್ಗಿಸಿದಳು. ಅಳಲಿಲ್ಲ. ಅಳಲಿಕ್ಕೂ ನಿದ್ದೆ ಆಗಿರಬೇಕು ಎಂದುಕೊಂಡಳು ವಿರೂಪಾಕ್ಷಮ್ಮ. ಅವಳ ಎದುರು ನಿಲ್ಲಲಾಗದೆ ತಾನೂ ಒಂದು ಸ್ಟೂಲು ಎಳೆದುಕೊಂಡಳು. ಹಾಗೆ ಇಬ್ಬರೂ ದಣಿದ ಹೆಂಗಸರು ಒಂದು ಖಾಲಿ ಕೌದಿಯನ್ನು ನಡುವೆ ಇಟ್ಟುಕೊಂಡು ಕೂತರು.

ವಿರೂಪಾಕ್ಷಮ್ಮ ಬದುಕಿದ ಕೂಸಿನ ಮಾತು ತೆಗೆದಳು. ಅದನ್ನೂ ಕೌದಿಯಲ್ಲೇ ತೂಗಿದೆಯಾ ಎಂದಿದ್ದಕ್ಕೆ ಹೇಮಾ ಹೌದೆಂದು ತಲೆಯಾಡಿಸಿದಳು. ಐಶ್ವರ್ಯಳ ಕಡೆಯವರು ಕೌದಿ ತಂದಿದ್ದರೇ ಎಂದಿದ್ದಕ್ಕೆ, ಅದನ್ನು ತಾನು ನೋಡಿಲ್ಲ ಎಂದಳು.

"ಕೂಸಿಗೆ ಕೌದಿ ಸುತ್ತಿದ್ದು ಯಾರು?"

"ನಾ ಸುತ್ತಿಲ್ರಿ. ಒಳಗಿನ ಕೋಣ್ಯಾಗಿಂದ ಬರೂಮುಂದನ ಸುತ್ತಿಕೊಂಡ ಬಂದಿತ್ತು. ತೂಗು ಅಂದ್ರು, ತೂಗಿದೆ. ಐಶ್ವರ್ಯ ಅಂತ ಬರಿ ಅಂದ್ರು, ಬರದೆ."

"ಯಾರು ಅಂದದ್ದು?"

ಹೇಮಾ ಎದ್ದು ತಕ್ಕಡಿಯ ಮೇಲಿನ ಕೌದಿ ತೆಗೆದು ಕೊಟ್ಟಳು.

"ನಮ್ಮಪ್ಪಗ ಈ ಪಗಾರದ ಮ್ಯಾಲೇ ಔಷಧ ರಿ. ಇಷ್ಟ ಹೇಳೀನಿ, ಇನ್ನ ಮುಂದ ಕೇಳಬ್ಯಾಡ್ರಿ."

ವಿರೂಪಾಕ್ಷಮ್ಮ ಮತ್ತೆ ಕೇಳಲಿಲ್ಲ. ಹೇಳಿದಷ್ಟನ್ನು ಬರೆಸಿಕೊಂಡು ಸಹಿ ತೆಗೆದುಕೊಂಡಳು. ಹೊರಬಂದ ಮೇಲೆ ಒಂದು ಕಪ್ ಚಹಾ ಕುಡಿದಳು. ಆಸ್ಪತ್ರೆಯವರು ಬರೆದುಕೊಟ್ಟ ಪ್ರಕಾರ ಒಳಗಿನ ಹೆರಿಗೆ ಕೋಣೆಯಲ್ಲಿ ಹೆತ್ತದ್ದು ಮಾರೆವ್ವ. ಹೊರಗಿನ ಕೋಣೆಯಲ್ಲಿ ಐಶ್ವರ್ಯ. ಕೌದಿ ತಂದದ್ದು ಮಾರೆವ್ವನ ತಾಯಿ. ಐಶ್ವರ್ಯಳ ಮನೆಯವರು ಕೌದಿ ತಂದಿರಲಿಲ್ಲವೆಂದು ಅವರ ಬಾಯಿಂದಲೇ ಬಂದರೆ ಸಾಕು, ಕೋರ್ಟಿನ ಮುಂದೆ ಇಡಲು ಆಧಾರ ಸಿಕ್ಕಿತು.

ಎರಡು ತಿಂಗಳಲ್ಲಿ ಮೊದಲ ಸಲ ಹಿಮ್ಮಡಿ ನೋವು ಕಡಿಮೆಯಾದಂತೆ ಅನಿಸಿತು.

*

ಕುಷ್ಟಗಿಯ ಬಸ್ಸು ಗಂಗಾವತಿ ಬಿಟ್ಟಾಗ ಎರಡೂ ಬದಿಗೆ ಗದ್ದೆ. ನೀರು, ಹಸಿರು, ಕೊಕ್ಕರೆ. ಕಾಲುವೆಯ ನೀರು ಮುಗಿದಲ್ಲಿ ಹಸಿರೂ ಮುಗಿಯಿತು. ತಾವರಗೇರಾ ದಾಟುವ ಹೊತ್ತಿಗೆ ಕಲ್ಲು, ಜಾಲಿ, ಒಣಜೋಳದ ದಂಟಿನ ಕಣಿಕೆ.

ಕಿಟಕಿಗೆ ತಲೆ ಕೊಟ್ಟು ವಿರೂಪಾಕ್ಷಮ್ಮ ಮಾರೆವ್ವನ ತಾಯಿ ಹೇಳಿದ್ದನ್ನು ನೆನೆದಳು. ಮುದುಕಿ ಕೌದಿಯ ಬಣ್ಣ ಹೇಳಿರಲಿಲ್ಲ, ಹರಿದ ಸೀರೆಗಳಲ್ಲಿ ಯಾವುದು ಎಲ್ಲಿ ಸೇರಿತೋ ಕಣ್ಣು ಕಾಣದವಳಿಗೆ ಹೇಗೆ ಗೊತ್ತು ಎಂದಿದ್ದಳು. ಆದರೆ ಒಂದು ಮಾತು ಹೇಳಿದ್ದಳು. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ಚಿಟಿಕೆ ಜೋಳ ಹಾಕಿದ್ದೆ. ಕೌದಿಯ ಹೊಟ್ಟೆ ಬರಿದಿರಬಾರದು, ಹೊದ್ದವರ ಹೊಟ್ಟೆಯೂ ಬರಿದಾಗುತ್ತದೆ. ಯಾರೇ ಹೊಲಿದರೂ ತಮ್ಮ ಹೊಲದಲ್ಲಿ ಬೆಳೆದದ್ದನ್ನೇ ಹಾಕಬೇಕು, ಅಂಗಡಿಯದು ನಡೆಯುವುದಿಲ್ಲ.

ಕುಷ್ಟಗಿ ತಲುಪಿದಾಗ ರುದ್ರೇಶ ಅಂಗಡಿಯಲ್ಲಿದ್ದ. ಮನೆಯಲ್ಲಿ ಅವನ ತಾಯಿ ಬಾಗಿಲಲ್ಲೇ ನಿಂತು ಮಾತಾಡಿದಳು. ಬನ್ನಿ ಎಂದರೂ ದಾರಿ ಬಿಡಲಿಲ್ಲ. ಬಡವರ ಕಣ್ಣು ನಮ್ಮ ಕೂಸಿನ ಮೇಲೆ ಬಿದ್ದಿದೆ, ವಾರಕ್ಕೊಮ್ಮೆ ದೃಷ್ಟಿ ತೆಗೆದು ಸಾಕಾಗಿದೆ, ಇನ್ನು ಪೊಲೀಸರ ದೃಷ್ಟಿಯನ್ನೂ ತೆಗೆಯಬೇಕೇನು ಎಂದಳು.

ವಿರೂಪಾಕ್ಷಮ್ಮ ಒಂದೇ ಪ್ರಶ್ನೆ ಇದೆ ಎಂದಳು. ಕೂಸು ಹುಟ್ಟಿದಾಗ ಏನು ಸುತ್ತಿದಿರಿ?

"ನಮ್ಮಲ್ಲಿ ಟವೆಲ್ ರಿ. ಹುಬ್ಬಳ್ಳಿಯಿಂದ ತರಿಸಿದ್ದು, ಬೆಣ್ಣಿ ಇದ್ದಂಗ ಇತ್ತು. ಹಳೇ ಸೀರಿ ಚಿಂದಿ ಹೊದಸಾಕ ನಾವೇನು ಗತಿ ಇಲ್ಲದವರಾ?"

"ಕೌದಿ ತಂದಿರಲಿಲ್ಲ?"

"ಕೌದಿ ನಮ್ಮ ಮನ್ಯಾಗಿಲ್ಲ. ಬರಕೊಳ್ರಿ ಬೇಕಾದ್ರ."

ಬರೆದುಕೊಂಡಳು. ಆ ಹೆಂಗಸು ತಾನೇ ಮೊಮ್ಮಗನ ಕೈ ಬಿಡಿಸಿಕೊಟ್ಟದ್ದು ತಿಳಿಯದೆ ಗೆದ್ದ ಮುಖದಲ್ಲಿ ಒಳಗೆ ಹೋದಳು. ವಿರೂಪಾಕ್ಷಮ್ಮನಿಗೆ ಗೆದ್ದೆನೆಂದು ಅನಿಸಲಿಲ್ಲ. ಒಳಗೆ ಎಲ್ಲೋ ಕೂಸು ಮಲಗಿತ್ತು. ಸೋಮವಾರದ ನಂತರ ಈ ಮನೆಯಲ್ಲಿ ಯಾರ ನಿದ್ದೆಯೂ ಇದ್ದ ಹಾಗೆ ಇರುವುದಿಲ್ಲ.

ಹಿತ್ತಲ ಕಡೆಯ ಸಂದಿಯಿಂದ ಯಾರೋ "ಮೇಡಂ" ಎಂದರು.

ಐಶ್ವರ್ಯ. ಬಾಣಂತಿಯ ಸ್ಕಾರ್ಫ್ ಕಟ್ಟಿದ ತಲೆ, ಹತ್ತಿ ಇಟ್ಟ ಕಿವಿ. ಸೀರೆಯ ಸೆರಗಿನೊಳಗೆ ಏನೋ ಹಿಡಿದಿದ್ದಳು.

"ಅತ್ತಿ ಸುಳ್ಳು ಹೇಳಿಲ್ರಿ, ಟವೆಲ್ ಖರೆ. ಆದ್ರ ದವಾಖಾನ್ಯಾಗ ನನ್ನ ಕೈಯಾಗ ಕೂಸು ಕೊಟ್ಟಾಗ ಟವೆಲ್ಲಿನ ಒಳಗ ಇದಿತ್ತು. ಅತ್ತಿ ಸುಟ್ಟ ಹಾಕು ಅಂದ್ರು. ಇದರ ಮ್ಯಾಲೆ ಹಾಕಿದ್ರ ಮಾತ್ರ ಅವ ಅಳೂದು ಬಿಡ್ತಾನ. ಅದಕ್ಕ ಮುಚ್ಚಿ ಇಟ್ಟೀನಿ."

ಕೌದಿ ಬೆಚ್ಚಗಿತ್ತು. ಈಗಷ್ಟೇ ಕೂಸಿನ ಕೆಳಗಿಂದ ತೆಗೆದುಕೊಂಡು ಬಂದಿದ್ದಳು.

"ಆ ಹೆಣ್ಣುಮಗಳು ಕೌದಿ ಕೇಳಾಕತ್ತಾಳ ಅಂತ ಇವರು ಮಾತಾಡಿದ್ದು ಕೇಳಿಸ್ಕೊಂಡೆ," ಎಂದಳು ಐಶ್ವರ್ಯ. ಧ್ವನಿ ಬಹಳ ಸಣ್ಣಗಿತ್ತು. "ಇದು ಆಕಿದು ಹೌದೋ ಅಲ್ಲೋ ನೋಡಿ ಹೇಳ್ರಿ. ದಿನಾ ಅವನ ಮುಖ ನೋಡಿ ನೋಡಿ ಸಾಕಾಗೈತಿ ನನಗ. ಒಮ್ಮೆ ನನ್ನಂಗ ಕಾಣ್ತಾನ, ಒಮ್ಮೆ ಕಾಣಂಗಿಲ್ಲ."

ವಿರೂಪಾಕ್ಷಮ್ಮ ಕೌದಿಯ ಮೂಲೆಗಳನ್ನು ಒಂದೊಂದಾಗಿ ಹಿಚುಕಿ ನೋಡಿದಳು. ಮೂರು ಮೆತ್ತಗಿದ್ದವು. ನಾಲ್ಕನೆಯದರೊಳಗೆ ಬೆರಳಿಗೆ ಏನೋ ಗಟ್ಟಿ ಸಿಕ್ಕಿತು.

ಕಾಳು.

ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು, ಮೂಲೆಯ ಹೊಲಿಗೆಯನ್ನು ಹಗುರಾಗಿ ಎತ್ತಿ ಬಿಡಿಸಿದಳು. ಕೌದಿ ಓರೆ ಮಾಡಿದಾಗ ಐದಾರು ಕಾಳು ಅಂಗೈಗೆ ಉದುರಿದವು.

ದುಂಡಗಿರಲಿಲ್ಲ. ಉದ್ದಕ್ಕಿದ್ದವು. ತುದಿ ಚೂಪು, ಮೇಲೆ ಒರಟು ಹೊಟ್ಟು.

ಭತ್ತ.

ವಿರೂಪಾಕ್ಷಮ್ಮ ಅದನ್ನು ಬೆರಳಿನಿಂದ ಆಚೆ ಈಚೆ ಹೊರಳಿಸಿದಳು, ನೋಡುತ್ತ ನೋಡುತ್ತ ಜೋಳವಾಗಿ ಬಿಡಲಿ ಎನ್ನುವ ಹಾಗೆ. ಮಂಗಳೂರಿನ ಎರೆಹೊಲದಲ್ಲಿ ಭತ್ತ ಬೆಳೆಯುವುದಿಲ್ಲ. ಕುಷ್ಟಗಿಯ ಈ ಮನೆಗೆ ಹೊಲವೇ ಇಲ್ಲ. ಈ ಕೌದಿ ಹೊಲಿದ ಕೈ ಕಾಲುವೆಯ ಕೆಳಗಿನದು, ಗದ್ದೆಯ ಕಡೆಯದು. ಒಳಗಿನ ಕೋಣೆಯಿಂದ ಬರುವಾಗಲೇ ಸುತ್ತಿಕೊಂಡು ಬಂದಿತ್ತು ಎಂದು ಹೇಮಾ ಹೇಳಿದ್ದಳು. ಆ ಕೋಣೆಯಲ್ಲಿ ಮಾರೆವ್ವನ ಹೊರತು ಯಾರೂ ಇರಲಿಲ್ಲ ಎಂದು ತಾನೇ ತಿಳಿದುಕೊಂಡಿದ್ದಳು. ಎರಡೇ ಹೆರಿಗೆ ಎಂದು ಬರೆದುಕೊಟ್ಟವರು ಆಸ್ಪತ್ರೆಯವರು.

ಗುಡ್ಡ ಗುಂಪು ಹೇಳುತ್ತದೆ, ಹೆಸರು ಹೇಳುವುದಿಲ್ಲ.

ಹಾಗಾದರೆ ಆ ದಿನ ಅಲ್ಲಿ ಇನ್ನೊಬ್ಬ ತಾಯಿ ಇದ್ದಳು. ಅವಳು ಯಾರು? ಇದು ಅವಳ ಕೂಸಾದರೆ, ಮಾರೆವ್ವನ ಕೂಸು ಎಲ್ಲಿ?

ಒಳಗೆ ಕೂಸು ಎದ್ದು ಅಳತೊಡಗಿತು. ಐಶ್ವರ್ಯ ಕೌದಿಗಾಗಿ ಕೈ ಚಾಚಿದಳು, ಮತ್ತೆ ಹಿಂದೆ ತೆಗೆದುಕೊಂಡಳು, ಮತ್ತೆ ಚಾಚಿದಳು.

"ಆಕಿದು ಅಲ್ಲೇನ್ರಿ ಇದು?"

ಉತ್ತರ ಕೊಡುವ ಮೊದಲೇ ವಿರೂಪಾಕ್ಷಮ್ಮನ ಜೇಬಿನೊಳಗೆ ಫೋನು ಬಡಿದುಕೊಂಡಿತು. ಯಂಕೇಶನ ನಂಬರು. ಭತ್ತ ಹಿಡಿದ ಮುಷ್ಟಿ ಬಿಚ್ಚದೆ, ಇನ್ನೊಂದು ಕೈಯಲ್ಲಿ ಎತ್ತಿ ಕಿವಿಗೆ ಹಿಡಿದಳು. ಮಾತಾಡಿದ್ದು ಯಂಕೇಶನಲ್ಲ. ಹಿನ್ನೆಲೆಯಲ್ಲಿ ಅಳುತ್ತಿದ್ದ ಕೂಸಿನ ದನಿ ಆ ಕಡೆಗೂ ಕೇಳಿಸಿತೋ ಏನೋ, ಮಾರೆವ್ವ ದನಿ ತಗ್ಗಿಸಿ ಕೇಳಿದಳು.

"ಅಮ್ಮಾರ, ನನ್ನ ಕೌದಿ ಸಿಕ್ಕೇತೇನ್ರಿ?"